ತಿಂಡಿ ಅವರವರದು, ಊಟ ಒಟ್ಟಿಗೆ

ಹಡಗು ಹತ್ತಿದ ಮರುದಿನ ಬೆಳಿಗ್ಗೆ 9:30. ನಾವು ಮೂವರೂ ತಟ್ಟೆ ಹಿಡಿದು ನಿಂತಿದ್ದೆವು. ಅಪ್ಪನ ತಟ್ಟೆಯಲ್ಲಿ ಆಮ್ಲೆಟ್ ಆರುತ್ತಿತ್ತು. ಅಮ್ಮನ ಒಂದು ಕೈಯಲ್ಲಿ ಹಣ್ಣಿನ ಬಟ್ಟಲು, ಇನ್ನೊಂದರಲ್ಲಿ ಅಂಚಿನವರೆಗೆ ತುಂಬಿದ ಕಾಫಿ. ನಾನು ಮುಂದೆ ಹೋಗಿ ಖಾಲಿ ಟೇಬಲ್ ಹುಡುಕುತ್ತಿದ್ದೆ. ಕಿಟಕಿ ಪಕ್ಕ ಇಲ್ಲ, ನಡುವೆ ಇಲ್ಲ, ಹೊರಗೆ ಈಜುಕೊಳದ ಹತ್ತಿರವೂ ಇಲ್ಲ. ಸುತ್ತಿ ಸುತ್ತಿ ಕೊನೆಗೆ ಒಂದು ಕಡೆ ಎರಡು ಕುರ್ಚಿ ಸಿಕ್ಕವು. ಇಬ್ಬರನ್ನೂ ಅಲ್ಲಿ ಕೂರಿಸಿ ನಾನು ಮೂರು ಟೇಬಲ್ ಆಚೆ ಹೋಗಿ ಕೂತೆ. ಅಲ್ಲಿಂದ ನೋಡಿದರೆ ಅಪ್ಪ ಅಮ್ಮ ತಲೆ ಬಗ್ಗಿಸಿ ಬೇಗ ಬೇಗ ತಿನ್ನುತ್ತಿದ್ದರು, ಬೆನ್ನ ಹಿಂದೆ ಯಾರೋ ಕಾಯುತ್ತಿರುವ ಹಾಗೆ. ನಿಜಕ್ಕೂ ಕಾಯುತ್ತಿದ್ದರು.

"ಒಟ್ಟಿಗೆ ತಿನ್ನೋಣ ಅಂತ ತಾನೇ ಬಂದಿದ್ದು?" ಅಂದಳು ಅಮ್ಮ ಆಮೇಲೆ. ದೂರುವ ದನಿ ಇರಲಿಲ್ಲ. ಆದರೂ ನನಗೆ ಚುಚ್ಚಿತು.

ಯಾಕಂದ್ರೆ ಈ ಪ್ರವಾಸದ ಆಸೆ ನನ್ನದು. 7 ರಾತ್ರಿ, 4 ಬಂದರು, 2 ದಿನ ಬರೀ ಸಮುದ್ರ. ಯಾರೂ ಅಡುಗೆ ಮಾಡಬೇಕಿಲ್ಲ, ಯಾರೂ ಎಲ್ಲಿಗೂ ಓಡಬೇಕಿಲ್ಲ. ಮೂರು ಹೊತ್ತೂ ಮೂವರೂ ಒಂದೇ ಟೇಬಲ್‌ಗೆ ಕೂರಬೇಕು, ವರ್ಷಗಳಿಂದ ಫೋನಿನಲ್ಲೇ ಮುಗಿಸುತ್ತಿದ್ದ ಮಾತುಗಳನ್ನು ಮುಖ ನೋಡಿಕೊಂಡು ಆಡಬೇಕು ಅಂತ ಲೆಕ್ಕ ಹಾಕಿದ್ದೆ. ಹಡಗಿನಲ್ಲಿ ಊಟದ ಜಾಗಗಳು ಎಷ್ಟಿವೆ ಅಂತ ಓದಿದ್ದೆ. ಯಾವ ಹೊತ್ತಿಗೆ ಯಾವ ಜಾಗ ಅಂತ ಯೋಚಿಸಿರಲಿಲ್ಲ.

ಆ ವಾರ ನಾನು ಕಲಿತಿದ್ದು ಇದನ್ನೇ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ದೊಡ್ಡ ಹಡಗುಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ ತಿನ್ನಲು ಮುಖ್ಯವಾಗಿ ಎರಡು ಜಾಗ. ಮೇಲೆ ನಾವೇ ಬಡಿಸಿಕೊಂಡು ತಿನ್ನುವ ಬಫೆ, ಕೆಳಗೆ ಕೂತಲ್ಲಿಗೇ ತಂದುಕೊಡುವ ಡೈನಿಂಗ್ ರೂಮ್. ಇವೆರಡರ ಊಟ ಟಿಕೆಟ್‌ನಲ್ಲೇ ಸೇರಿರುತ್ತದೆ. ಇವುಗಳ ನಡುವೆ ಸಣ್ಣಪುಟ್ಟವು ಇರುತ್ತವೆ: ಒಂದು ಕೆಫೆ, ಈಜುಕೊಳದ ಪಕ್ಕ ಬಿಸಿಬಿಸಿ ಸುಟ್ಟು ಕೊಡುವ ಗ್ರಿಲ್, ಕ್ಯಾಬಿನ್‌ಗೇ ತರುವ ರೂಮ್ ಸರ್ವಿಸ್. ಬೇರೆ ದುಡ್ಡು ಕೊಟ್ಟು ಹೋಗುವ ರೆಸ್ಟೋರೆಂಟ್‌ಗಳೂ ಇವೆ. ಅವು ಹೆಚ್ಚಾಗಿ ರಾತ್ರಿಯ ಮಾತು, ಇಲ್ಲಿ ಬೇಡ.

ಬಫೆಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಅದು ವಿಂಡ್‌ಜಾಮರ್. ನಾರ್ವೀಜಿಯನ್ ಹಡಗುಗಳಲ್ಲಿ ಗಾರ್ಡನ್ ಕೆಫೆ. ಎಷ್ಟೋ ಹಡಗುಗಳಲ್ಲಿ ಬಫೆ ಇರುವ ಡೆಕ್ಕಿಗೇ, ಅಂದ್ರೆ ಹಡಗಿನ ಆ ಮಹಡಿಗೇ, ಲಿಡೋ ಡೆಕ್ ಅನ್ನುತ್ತಾರೆ. ವೆನಿಸ್ ಊರಿನ ಮುಂದೆ ಸಮುದ್ರಕ್ಕೆ ಅಡ್ಡವಾಗಿ ಲಿಡೋ ಅನ್ನುವ ಉದ್ದನೆಯ ದಂಡೆ ಇದೆಯಲ್ಲ, ಸ್ನಾನಕ್ಕೂ ಬಿಸಿಲಿಗೂ ಹೆಸರಾದದ್ದು, ಆ ಹೆಸರೇ ಹಡಗಿನ ಈಜುಕೊಳದ ಡೆಕ್ಕಿಗೂ ಬಂತು. ಹೆಸರು ಏನೇ ಇರಲಿ, ಬಫೆ ಮೇಲೆ, ಬಿಸಿಲಿನ ಹತ್ತಿರ, ದೊಡ್ಡ ದೊಡ್ಡ ಕಿಟಕಿಗಳ ಜತೆ. ಡೈನಿಂಗ್ ರೂಮ್ ಕೆಳಗೆ, ನೀರಿಗೆ ಹತ್ತಿರ.

ಈ ಮೇಲೆ-ಕೆಳಗೆ ಅನ್ನುವುದು ಸುಮ್ನೆ ಬಂದದ್ದಲ್ಲ. ಹಡಗು ಪಕ್ಕಕ್ಕೆ ವಾಲಿದಾಗ ಎತ್ತರದಲ್ಲಿ ಇರುವವರಿಗೆ ತೂಗಾಟ ಜಾಸ್ತಿ, ಕೆಳಗಿರುವವರಿಗೆ ಕಡಿಮೆ. ಅಲೆಗೆ ಮೂತಿ ಎತ್ತಿ ಇಳಿಸುವಾಗ ಎರಡು ತುದಿಗಳು ಏರಿ ಇಳಿಯುತ್ತವೆ, ನಡುಭಾಗ ಅಷ್ಟು ಅಲುಗುವುದಿಲ್ಲ. ಹಳೇ ಕಾಲದ ಪ್ರಯಾಣಿಕ ಹಡಗುಗಳನ್ನು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಊಟದ ಕೋಣೆಯನ್ನು ಹಡಗಿನ ಹೊಟ್ಟೆಯ ನಡುವೆ ಇಡುತ್ತಿದ್ದರು. 1912ರ ಟೈಟಾನಿಕ್‌ನಲ್ಲೂ ಮೊದಲ ದರ್ಜೆಯ ಊಟದ ಕೋಣೆ ಇದ್ದದ್ದು ಮೇಲಿನ ಬಯಲು ಡೆಕ್ಕಿನಲ್ಲಲ್ಲ, ಕೆಳಗೆ ಡಿ ಡೆಕ್ಕಿನಲ್ಲಿ. ಅಲೆ ಜಾಸ್ತಿಯಾದರೆ ತಟ್ಟೆ ಜಾರಿ ಬೀಳದಿರಲಿ ಅಂತ ಹಳೇ ಹಡಗುಗಳಲ್ಲಿ ಟೇಬಲ್ ಅಂಚಿಗೆ ಪಟ್ಟಿ ಏರಿಸುತ್ತಿದ್ದರು. ಕುರ್ಚಿಗಳನ್ನು ನೆಲಕ್ಕೆ ಬಿಗಿಯುತ್ತಿದ್ದದ್ದೂ ಉಂಟು.

ನಮಗೆ ಇದು ಅರ್ಥವಾಗಿದ್ದು ಅಮ್ಮನ ಮೂಲಕ. ಆ ಗದ್ದಲದ ದಿನವೇ ಮಧ್ಯಾಹ್ನ ಗಾಳಿ ಎದ್ದಿತು. ಮತ್ತೆ ಮೇಲೇ ಹೋಗಿದ್ದೆವು. ಕಿಟಕಿಯಲ್ಲಿ ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ನೀರು. ಅಮ್ಮ ಚಮಚ ಕೆಳಗಿಟ್ಟಳು. ಮುಖ ಬೆಳ್ಳಗಾಗಿತ್ತು. ಪಕ್ಕದಲ್ಲಿ ಮೇಜು ಒರೆಸುತ್ತಿದ್ದ ಹುಡುಗ ನೋಡಿದ, ಕೇಳದೆಯೇ ಒಂದು ಹಸಿರು ಸೇಬು ತಂದಿಟ್ಟ. "ಕೆಳಗೆ ಡೈನಿಂಗ್ ರೂಮ್‌ಗೆ ಕರೆದುಕೊಂಡು ಹೋಗಿ, ಅಲ್ಲಿ ಇಷ್ಟು ಆಡುವುದಿಲ್ಲ" ಅಂದ. ಮೆಟ್ಟಿಲಿಗಿಂತ ಲಿಫ್ಟೇ ವಾಸಿ ಅಂತ ಹತ್ತು ಡೆಕ್ ಕೆಳಗೆ ಇಳಿದೆವು. ಬಾಗಿಲು ತೆರೆದಾಗ ಬೇರೆಯದೇ ಹಡಗಿಗೆ ಬಂದ ಹಾಗಿತ್ತು. ಗ್ಲಾಸಿನ ನೀರು ಮೆಲ್ಲಗೆ ವಾಲುತ್ತಿತ್ತು, ಅಷ್ಟೇ. ಅಮ್ಮ ಸೇಬನ್ನು ಸಣ್ಣ ಸಣ್ಣ ಹೋಳು ಮಾಡಿ ತಿಂದಳು, ಬ್ರೆಡ್ ಮುರಿದಳು, ಅರ್ಧ ಗಂಟೆ ಬಿಟ್ಟು ಸೂಪ್ ಕೇಳಿದಳು.

ಸೂಪ್ ಕುಡಿಯುತ್ತಾ ಅವಳೇ ಮಾತು ತೆಗೆದಳು.

"ನೋಡು, ನಿಮ್ಮಪ್ಪ 5 ಗಂಟೆಗೆ ಏಳ್ತಾರೆ. 8 ಗಂಟೆ ತನಕ ನಮ್ಮಿಬ್ಬರಿಗೋಸ್ಕರ ಹಸಿದುಕೊಂಡು ಕೂತಿರ್ತಾರೆ. ನನಗೆ ಎದ್ದ ತಕ್ಷಣ ಏನೂ ಸೇರಲ್ಲ. ನೀನು ನಮ್ಮಿಬ್ಬರನ್ನೂ ಎಳೆದುಕೊಂಡು ಓಡ್ತೀಯ. ತಿಂಡಿ ಅವರವರು ಮಾಡ್ಕೊಳ್ಳೋಣ. ಮಧ್ಯಾಹ್ನ ಇಲ್ಲಿ ಸೇರೋಣ."

ಅಪ್ಪ ನನ್ನ ಮುಖ ನೋಡಿದರು. ಅವರಿಗೆ ಇದು ಮೊದಲೇ ಅನ್ನಿಸಿತ್ತು, ನನಗೆ ಬೇಜಾರಾದೀತು ಅಂತ ಸುಮ್ಮನಿದ್ದರು ಅಂತ ಆಗ ಗೊತ್ತಾಯಿತು. ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು. ಆದರೂ ಹ್ಞೂಂ ಅಂದೆ. ಆ ಒಂದು ಹ್ಞೂಂನಿಂದ ನಮ್ಮ ಉಳಿದ ದಿನಗಳೆಲ್ಲ ಬದಲಾದವು.

ಮರುದಿನ ಬಂದರಿನ ದಿನ. ಅಪ್ಪ 6 ಗಂಟೆಗೆ ಮೇಲೆ ಹೋದರು. ಬಫೆಯಲ್ಲಿ ಪೂರ್ತಿ ತಿಂಡಿ ಶುರುವಾಗುವ ಮೊದಲೇ ಬೇಗ ಏಳುವವರಿಗೆ ಅಂತ ಕಾಫಿ, ಬನ್ನು, ಹಣ್ಣು ಇಟ್ಟಿರುತ್ತಾರೆ. ಆ ಹೊತ್ತಿನ ಬಫೆ ಎಷ್ಟು ಚೆನ್ನ ಅನ್ನುವುದನ್ನು ನಾನು ಒಂದು ದಿನ ಅವರ ಜತೆ ಹೋಗಿ ಕಂಡೆ. 9:30ರ ಜಾತ್ರೆ ನಡೆಯುವ ಅದೇ ಹಾಲ್. ಇಲ್ಲಿ ಒಬ್ಬರು, ಅಲ್ಲಿ ಒಬ್ಬರು. ರಾತ್ರಿಯಿಡೀ ಕೆಲಸ ಮಾಡಿದ ಬೇಕರಿಯವರ ಬ್ರೆಡ್ ಇನ್ನೂ ಬಿಸಿ. ಅಪ್ಪನ ಜಾಗ ಹಡಗಿನ ಹಿಂಭಾಗದಲ್ಲಿ, ಬಾಗಿಲು ತಳ್ಳಿ ಹೊರಗೆ ಹೋದರೆ ಸಿಗುವ ಬಯಲು. ಅಲ್ಲಿ ಕೂತರೆ ಹಡಗು ನೀರಿನಲ್ಲಿ ಬಿಟ್ಟು ಬಂದ ಬಿಳಿ ದಾರಿ ಕಣ್ಣು ಹೋಗುವಷ್ಟು ದೂರ ಕಾಣುತ್ತದೆ. ಅಪ್ಪ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮುಖ ನೋಡಿಕೊಂಡು ಮಾತಾಡಬೇಕು ಅಂತ ಬಂದವಳು ನಾನು, ಆದರೆ ಅವತ್ತು ಒಂದೇ ದಿಕ್ಕಿಗೆ ನೋಡುತ್ತಾ ಕೂತದ್ದೇ ತುಂಬಾ ಹಿತವಾಗಿತ್ತು.

ಬಂದರಿನ ದಿನಗಳಲ್ಲಿ ಬೆಳಿಗ್ಗೆ ಬಫೆ ತುಂಬುವುದು ಬೇಗ. ಹೊರಗೆ ಸುತ್ತಲು ಗೊತ್ತು ಮಾಡಿಕೊಂಡವರೆಲ್ಲ 7ರಿಂದ 8ರ ನಡುವೆ ಬಂದುಬಿಡುತ್ತಾರೆ. ಎಲ್ಲರೂ ಇಳಿದ ಮೇಲೆ ಖಾಲಿ. ಸಮುದ್ರದ ದಿನ ಇದು ತಿರುವುಮುರುವು: ಎಲ್ಲರೂ ತಡವಾಗಿ ಎದ್ದು 9 ಗಂಟೆಯ ಮೇಲೆ ಒಟ್ಟಿಗೆ ನುಗ್ಗುತ್ತಾರೆ. ನಾವು ಮೊದಲ ದಿನ ಸಿಕ್ಕಿಬಿದ್ದದ್ದು ಅದರಲ್ಲೇ. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್‌ನಂಥ ಹಡಗಿನಲ್ಲಿ 20 ಡೆಕ್ಕು, ಪೂರ್ತಿ ತುಂಬಿದರೆ ಸುಮಾರು 7,600 ಪ್ರಯಾಣಿಕರು. ನಮ್ಮದು ಅಷ್ಟು ದೊಡ್ಡದಲ್ಲ. ಆದರೆ ಜನರೆಲ್ಲ ಒಂದೇ ಗಂಟೆಯಲ್ಲಿ ಹಸಿದರೆ ಯಾವ ಹಾಲ್ ಸಾಕಾಗುತ್ತದೆ ಹೇಳಿ?

ಬಫೆಗೆ ಹೋಗಲೇಬೇಕಾದರೆ ಒಂದು ಮಾತು. ಎಷ್ಟೋ ಹಡಗುಗಳಲ್ಲಿ ಒಳಗೆ ಎರಡು ಬದಿಯಲ್ಲೂ ಅದೇ ಪದಾರ್ಥಗಳನ್ನು ಇಟ್ಟಿರುತ್ತಾರೆ. ಜನ ಬಾಗಿಲ ಹತ್ತಿರದ ಸಾಲಿಗೇ ನಿಲ್ಲುತ್ತಾರೆ. ತಟ್ಟೆ ತೆಗೆದುಕೊಳ್ಳದೆ ಒಂದು ಸುತ್ತು ಹೋಗಿ ಬನ್ನಿ, ಆ ಕಡೆ ಸಾಲೇ ಇಲ್ಲದಿರಬಹುದು. ಟ್ರೇ ಕೊಡದ ಹಡಗುಗಳು ಬಹಳ ಇವೆ. ತಟ್ಟೆ ಒಂದು ಸಲ, ಕಾಫಿ ಇನ್ನೊಂದು ಸಲ. ವಯಸ್ಸಾದವರು ಅಲುಗಾಡುವ ನೆಲದ ಮೇಲೆ ಎರಡೂ ಕೈಯಲ್ಲಿ ಬಿಸಿ ಹಿಡಿದು ನಡೆಯುವುದು ನೋಡಿದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಅವರನ್ನು ಮೊದಲು ಕೂರಿಸಿ, ಆಮೇಲೆ ತಂದುಕೊಡಿ.

ಕೈ ತೊಳೆಯುವ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಇದನ್ನು ಜನ ಹಗುರ ಮಾಡುತ್ತಾರೆ. ವಾಂತಿ ಭೇದಿ ತರುವ ನೊರೊವೈರಸ್ ಹಡಗಿನಂಥ ಮುಚ್ಚಿದ ಜಾಗದಲ್ಲಿ ಬೇಗ ಹರಡುತ್ತದೆ. ಬಾಗಿಲಲ್ಲಿ ಕೊಡುವ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು, ನೀರು, ಚೆನ್ನಾಗಿ ಉಜ್ಜುವುದು, ಇದೇ ಸರಿ. ಬಫೆಯಲ್ಲಿ ಒಂದೇ ಚಮಚವನ್ನು ನೂರಾರು ಜನ ಹಿಡಿಯುತ್ತಾರೆ ಅನ್ನುವುದು ನೆನಪಿರಲಿ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳ ಅಡುಗೆಮನೆಗಳನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಹೇಳದೆ ಬಂದು ತಪಾಸಣೆ ಮಾಡುತ್ತಾರೆ. 100ಕ್ಕೆ ಅಂಕ ಕೊಡುತ್ತಾರೆ. 86 ಬಂದರೆ ಪಾಸು, 85 ಬಂದರೆ ಫೇಲು. ಆ ಅಂಕಗಳನ್ನು ಯಾರು ಬೇಕಾದರೂ ನೋಡಬಹುದು. ಬಿಸಿ ಪದಾರ್ಥ 57 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ತಣ್ಣಗಿನದು 5 ಡಿಗ್ರಿಗಿಂತ ಮೇಲೆ ಏರಬಾರದು ಅಂತೆಲ್ಲ ಅವರ ನಿಯಮ ಇದೆ. ಅಡುಗೆಯವರ ಪಾಲಿನ ಕೆಲಸ ಅದು. ನಮ್ಮ ಪಾಲಿನದು ಕೈ ತೊಳೆಯುವುದು.

ಅಮ್ಮನ ತಿಂಡಿ ಕೆಳಗೆ, ಡೈನಿಂಗ್ ರೂಮ್‌ನಲ್ಲಿ, 8:30ಕ್ಕೆ. ರಾತ್ರಿಯ ಹಾಗೆ ಬೆಳಿಗ್ಗೆ ಗೊತ್ತು ಮಾಡಿದ ಟೇಬಲ್ ಇರುವುದಿಲ್ಲ. ಬಾಗಿಲಲ್ಲಿ ನಿಂತವರು "ಬೇರೆಯವರ ಜತೆ ಕೂರಬಹುದಾ?" ಅಂತ ಕೇಳುತ್ತಾರೆ. ಅಮ್ಮ ಮೊದಲ ದಿನ ಹೆದರಿಕೊಂಡೇ ಹೂಂ ಅಂದಳಂತೆ. ಆರು ಜನರ ಟೇಬಲ್. ಒಬ್ಬರು ನಿವೃತ್ತ ಟೀಚರ್. ಅವರಿಗೂ ಮಂಡಿ ನೋವು, ಅಮ್ಮನಿಗೂ ಮಂಡಿ ನೋವು. ಅದರಿಂದ ಮಾತು ಶುರುವಾಗಿ ಮಕ್ಕಳು, ಮದುವೆ, ಮನೆ ಸಾಲದ ತನಕ ಹೋಯಿತು. ವೇಟರ್‌ಗೆ ಎರಡನೇ ದಿನವೇ ನೆನಪಿತ್ತು: ಈ ಅಮ್ಮನಿಗೆ ಮೊದಲು ಬಿಸಿನೀರು, ಆಮೇಲೆ ಟೋಸ್ಟು, ಕಾಫಿ ಕೊನೆಗೆ. ಯಾವುದರಲ್ಲಿ ಏನು ಹಾಕಿದೆ ಅಂತ ಕೇಳಿದರೆ ಅಲ್ಲಿ ಯಾರಾದರೂ ಹೇಳುತ್ತಾರೆ. ಮೈಗೆ ಆಗದ ಪದಾರ್ಥ ಇರುವವರಿಗೆ ಇದು ದೊಡ್ಡ ನೆಮ್ಮದಿ. ತಿಂಡಿ ಮುಗಿಯಲು ಒಂದು ಗಂಟೆ ಬೇಕು. ಬೇಗ ಇಳಿಯಬೇಕಾದ ದಿನ ಇಲ್ಲಿಗೆ ಹೋಗಬಾರದು. ಹೋದರೆ ಗಡಿಯಾರ ನೋಡುವುದರಲ್ಲೇ ಅರ್ಧ ರುಚಿ ಹೋಗುತ್ತದೆ.

ನನಗೆ ನನ್ನದೇ ತಿಂಡಿಯ ಜಾಗ ಸಿಕ್ಕಿದ್ದು ತಪ್ಪಿನಿಂದ. ಹಡಗಿಗೆ ತನ್ನದೇ ಗಂಟೆ ಇರುತ್ತದೆ. ಬಂದರಿನ ಊರಿನ ಗಂಟೆ ಬೇರೆ ಇದ್ದರೂ ಹಡಗು ಕೆಲವು ಸಲ ತನ್ನದನ್ನು ಬದಲಿಸುವುದಿಲ್ಲ. ದಡ ಹತ್ತಿರ ಬಂದಾಗ ನನ್ನ ಫೋನು ಅಲ್ಲಿನ ನೆಟ್‌ವರ್ಕ್ ಹಿಡಿದು ತಾನೇ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. 8:20 ಅಂದುಕೊಂಡು ಕೆಳಗೆ ಹೋದರೆ ಹಡಗಿನ ಲೆಕ್ಕದಲ್ಲಿ 9:20. ಡೈನಿಂಗ್ ರೂಮ್ ಬಾಗಿಲು ಹಾಕಿದ್ದರು. ಅಮ್ಮ ಆಗಲೇ ತಿಂದು ಮೇಲೆ ಹೋಗಿದ್ದಳು. ಊಟಕ್ಕೆ ಇದು ಸಣ್ಣ ವಿಷಯ, ವಾಪಸ್ ಹತ್ತುವ ಹೊತ್ತಿಗೆ ಹೀಗಾದರೆ ಹಡಗೇ ತಪ್ಪಿಹೋಗುತ್ತದೆ. ಅವತ್ತಿನಿಂದ ನಾನು ಅಪ್ಪನ ಕೈಗಡಿಯಾರವನ್ನೇ ನಂಬಿದೆ.

ಬಾಗಿಲು ಹಾಕಿದ್ದರಿಂದ ನಡುವಿನ ಡೆಕ್ಕಿನ ಕೆಫೆಗೆ ಹೋದೆ. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆವು, ಒಮ್ಮೆಯೂ ನಿಂತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಪುಟ್ಟ ಪುಟ್ಟ ಸ್ಯಾಂಡ್‌ವಿಚ್, ಮಫಿನ್, ಮೊಸರಿನ ಲೋಟಗಳು. ಎತ್ತರದ ಸ್ಟೂಲಿನ ಮೇಲೆ ಕೂತು ಒಂದು ಸ್ಯಾಂಡ್‌ವಿಚ್ ತಿಂದೆ. ಹೊಟ್ಟೆ ತುಂಬಿತು, ಇನ್ನೊಂದು ಬೇಕು ಅನ್ನಿಸಲಿಲ್ಲ. ಎದುರಿಗೆ ನೂರು ಬಗೆ ಇಲ್ಲದಿದ್ದರೆ ನಾನು ಎಷ್ಟು ಕಡಿಮೆ ತಿನ್ನುತ್ತೇನೆ ಅಂತ ಅವತ್ತು ಗೊತ್ತಾಯಿತು. ಆಮೇಲಿನ ಬೆಳಿಗ್ಗೆಗಳು ಹೆಚ್ಚಾಗಿ ಅಲ್ಲೇ.

ರೂಮ್ ಸರ್ವಿಸ್ ಒಂದು ದಿನ ತರಿಸಿದೆವು. ರಾತ್ರಿ ಮಲಗುವ ಮುಂಚೆ ಕಾರ್ಡಿನಲ್ಲಿ ಬೇಕಾದ್ದಕ್ಕೆ ಗುರುತು ಹಾಕಿ, ಯಾವ ಅರ್ಧ ಗಂಟೆಯಲ್ಲಿ ಬೇಕು ಅಂತ ಬರೆದು, ಬಾಗಿಲ ಹಿಡಿಗೆ ತೂಗುಹಾಕಿದರೆ ಬೆಳಿಗ್ಗೆ ತಂದುಕೊಡುತ್ತಾರೆ. ತಣ್ಣಗಿನ ತಿಂಡಿಗೆ, ಬೇಗ ಹೊರಡುವ ದಿನಕ್ಕೆ ಒಳ್ಳೆಯದು. ಬಾಲ್ಕನಿ ಇದ್ದರೆ ಇನ್ನೂ ಒಳ್ಳೆಯದು. ನಮಗೆ ಇರಲಿಲ್ಲ.

ಇನ್ನು ಮಧ್ಯಾಹ್ನ. ಇದರ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದು ನಾನು.

ಹತ್ತುವ ದಿನ ಎಲ್ಲರೂ ಕೈಚೀಲ ಹಿಡಿದುಕೊಂಡು ಸೀದಾ ಬಫೆಗೆ ಹೋಗುತ್ತಾರೆ. ಕ್ಯಾಬಿನ್ ಇನ್ನೂ ಸಿದ್ಧವಾಗಿರುವುದಿಲ್ಲ, ಬೇರೆ ಜಾಗ ಗೊತ್ತಿರುವುದಿಲ್ಲ. ಕೆಲವು ಹಡಗುಗಳಲ್ಲಿ ಆ ಮಧ್ಯಾಹ್ನವೂ ಡೈನಿಂಗ್ ರೂಮ್ ತೆರೆದಿರುತ್ತದೆ, ಆದರೆ ಯಾರೂ ಕೂಗಿ ಹೇಳುವುದಿಲ್ಲ. ಹತ್ತಿದ ತಕ್ಷಣ ಯಾರನ್ನಾದರೂ ಕೇಳಿ. ನಾವು ಕೇಳಲಿಲ್ಲ.

ಬಂದರಿನ ದಿನಗಳಲ್ಲಿ ಡೈನಿಂಗ್ ರೂಮ್ ಮಧ್ಯಾಹ್ನ ಹೆಚ್ಚಾಗಿ ಮುಚ್ಚಿರುತ್ತದೆ. ಅರ್ಧ ಹಡಗು ದಡದಲ್ಲಿ ಇರುತ್ತದಲ್ವಾ? ಆ ದಿನಗಳಲ್ಲಿ ನಾವು ಎಲ್ಲರಿಗಿಂತ ಮೊದಲೇ ವಾಪಸ್ ಬಂದು ಗ್ರಿಲ್ ಹತ್ತಿರ ಸೇರುತ್ತಿದ್ದೆವು. ಒಂದು ದಿನ ಅಮ್ಮ ಇಳಿಯುವಾಗ ಬಫೆಯ ಸೇಬನ್ನು ಬ್ಯಾಗಿಗೆ ಹಾಕಿಕೊಂಡಿದ್ದಳು. ನಾನೇ ತೆಗೆಸಿದೆ. ಹಣ್ಣು, ತರಕಾರಿಯನ್ನು ದಡಕ್ಕೆ ಒಯ್ಯಲು ಎಷ್ಟೋ ದೇಶಗಳು ಬಿಡುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಂತೂ ತುಂಬಾ ಕಟ್ಟುನಿಟ್ಟು. ಹಣ್ಣಿನ ಜತೆ ಹುಳ, ರೋಗ ಬಂದು ಅಲ್ಲಿನ ತೋಟಗಳು ಹಾಳಾಗಬಾರದು ಅಂತ. "ಸೇಬಿಗೂ ಇಷ್ಟೊಂದು ಕಾನೂನಾ?" ಅಂದಳು ಅಮ್ಮ. ಕ್ಯಾಬಿನ್‌ನಲ್ಲೇ ಇಟ್ಟು ಬಂದೆವು.

ಆದರೆ ಎರಡನೇ ಸಮುದ್ರದ ದಿನದ ಆ ಮಧ್ಯಾಹ್ನ ಇದೆಯಲ್ಲ, ಅದು ನನ್ನ ಜತೆಗೇ ಉಳಿದಿದೆ. 12:30ಕ್ಕೆ ಕೆಳಗೆ ಡೈನಿಂಗ್ ರೂಮ್. ಮೇಲೆ ಬಫೆಯಲ್ಲಿ ಆಗಲೇ ನೂಕುನುಗ್ಗಲು ಅಂತ ಅಪ್ಪ ಸುದ್ದಿ ತಂದಿದ್ದರು. ಕೆಳಗೆ ಕಿಟಕಿ ಪಕ್ಕದ ಟೇಬಲ್ಲೇ ಸಿಕ್ಕಿತು. ಬಿಳಿ ಬಟ್ಟೆ ಹಾಸಿದ ಮೇಜು, ನೀರು ಎಷ್ಟು ಹತ್ತಿರ ಅಂದ್ರೆ ಅಲೆಯ ನೊರೆ ಒಡೆಯುವುದು ಕಾಣುತ್ತಿತ್ತು. ಮೆನುವಿನಲ್ಲಿ ಬಫೆಯಷ್ಟು ಬಗೆ ಇರಲಿಲ್ಲ. ಸೂಪ್, ಪಾಸ್ತಾ, ಎರಡು ಮೂರು ಬಿಸಿ ಪದಾರ್ಥ, ಐಸ್‌ಕ್ರೀಂ. ತಂದುಕೊಡುವವರು ನಿಧಾನವಾಗಿ ತಂದರು. ಅಪ್ಪನಿಗೆ ಕಾಯುವುದು ಆಗದು. ಅವತ್ತು ಒಂದು ಸಲವೂ ಬಾಗಿಲ ಕಡೆ ನೋಡಲಿಲ್ಲ.

ಯಾಕಂದ್ರೆ ಹೇಳಲು ಇತ್ತು. ಬೆಳಿಗ್ಗೆಯಿಂದ ಮೂವರೂ ಮೂರು ಕಡೆ ಇದ್ದೆವಲ್ಲ. ಅಪ್ಪ ಪೈಲಟ್ ದೋಣಿಯ ಕಥೆ ತೆಗೆದರು. ಹಡಗು ಬಂದರಿಗೆ ಬರುವ ಮೊದಲು ಒಂದು ಪುಟ್ಟ ದೋಣಿ ದಡದಿಂದ ಹಾರುತ್ತಾ ಬರುತ್ತದೆ. ಎರಡೂ ಓಡುತ್ತಿರುವಾಗಲೇ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಅದರಿಂದ ಒಬ್ಬ ಮನುಷ್ಯ ಹಗ್ಗದ ಏಣಿ ಹಿಡಿದು ಹಡಗಿಗೆ ಹತ್ತುತ್ತಾನೆ. ಆ ಬಂದರಿನ ನೀರು, ಆಳ, ಸೆಳೆತ ಎಲ್ಲ ಗೊತ್ತಿರುವವನು ಅವನು, ನಮ್ಮ ಕ್ಯಾಪ್ಟನ್‌ಗೆ ದಾರಿ ಹೇಳುವವನು. "ನಾಲ್ಕು ಬಂದರಿನಲ್ಲೂ ನೋಡಿದೆ ಕಣೇ. ಒಂದು ಸಲವೂ ಕಾಲು ಜಾರಲಿಲ್ಲ" ಅಂದರು. ಅವರ ಕೈಗಳು ಗಾಳಿಯಲ್ಲಿ ಏಣಿ ಹತ್ತುತ್ತಿದ್ದವು. ಅಮ್ಮ ಟೀಚರಮ್ಮನ ಮಗನ ಕಥೆ ಹೇಳಿದಳು, ಅದರ ನಡುವೆ ತನ್ನ ಮದುವೆಯಾದ ಹೊಸತರ ಒಂದು ಸಂಗತಿಯನ್ನೂ ಹೇಳಿಬಿಟ್ಟಳು. ನನಗೆ ಅದು ಗೊತ್ತೇ ಇರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅಪರಿಚಿತರ ಟೇಬಲ್‌ನಲ್ಲಿ ಮೊದಲು ಹೇಳಿಕೊಂಡಿದ್ದಳು, ಅದಕ್ಕೇ ನಮ್ಮ ಹತ್ತಿರವೂ ಬಾಯಿಗೆ ಬಂತು ಅನ್ನಿಸುತ್ತದೆ.

2 ಗಂಟೆಗೆ ಎದ್ದೆವು. ಸುತ್ತಲಿನ ಟೇಬಲ್‌ಗಳಿಗೆ ಆಗಲೇ ಹೊಸ ಬಟ್ಟೆ ಹಾಸಿದ್ದರು, ಆದರೂ ನಮ್ಮನ್ನು ಯಾರೂ ಏಳಿ ಅನ್ನಲಿಲ್ಲ.

ಇಳಿಯುವ ದಿನದ ತಿಂಡಿ ಬಗ್ಗೆ ಯಾರೂ ಒಳ್ಳೆಯದು ಹೇಳುವುದಿಲ್ಲ. ಕ್ಯಾಬಿನ್ ಬೇಗ ಬಿಡಬೇಕು, ಎಲ್ಲರ ಕೈಯಲ್ಲೂ ಚೀಲ, ಲಿಫ್ಟ್ ಸಿಗುವುದಿಲ್ಲ, ಎಲ್ಲ ಕಡೆ ಬೇಗ ಬಾಗಿಲು ಹಾಕುತ್ತಾರೆ. ನಾನು ಕೆಫೆಯಿಂದ ಏನಾದರೂ ತಂದುಕೊಟ್ಟರಾಯಿತು ಅಂದುಕೊಂಡು ಮಲಗಿದ್ದೆ. ಬೆಳಗಿನ ಜಾವ ಅಮ್ಮ ಭುಜ ಅಲುಗಿಸಿದಳು. ಎದ್ದು ನೋಡಿದರೆ ಸ್ವೆಟರ್ ಹಾಕಿಕೊಂಡು ಸಿದ್ಧವಾಗಿದ್ದಾಳೆ.

"ರೀ, ಕಾಫಿ ಆಮೇಲೆ ತರೋರಂತೆ, ಮೊದಲು ಆ ದೋಣಿ ತೋರಿಸಿ."

ಮೂವರೂ ಮೇಲೆ ಹೋದೆವು. ಬಫೆಯಲ್ಲಿ ದೀಪ ಹತ್ತಿತ್ತು, ಜನ ಇರಲಿಲ್ಲ. ಅಪ್ಪ ನಮ್ಮನ್ನು ಪಕ್ಕದ ಕಂಬಿಯ ಹತ್ತಿರ ನಿಲ್ಲಿಸಿ ಒಳಗೆ ಹೋಗಿ ಕಾಫಿ ತಂದರು. ಒಂದು ಸಲಕ್ಕೆ ಒಂದೇ ಕಪ್ಪು, ಮೂರು ಸಲ. ಆಕಾಶ ಬೂದಿ ಬಣ್ಣ. ದೂರದಲ್ಲಿ ಒಂದು ದೀಪ ನೀರಿನ ಮೇಲೆ ಕುಣಿಯುತ್ತಾ ಹತ್ತಿರ ಬಂತು. ದೋಣಿ ಪಕ್ಕಕ್ಕೆ ಅಂಟಿತು. ಕಿತ್ತಳೆ ಜಾಕೆಟ್ ಹಾಕಿದವನು ಏಣಿಗೆ ಕೈ ಹಾಕಿದ. ಅಮ್ಮ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ಹೆಜ್ಜೆ, ಎರಡು, ಮೂರು. ಅವನು ಒಳಗೆ ಸೇರಿದ ಮೇಲೆ ಉಸಿರು ಬಿಟ್ಟಳು.

"ನೀವು ಹೇಳಿದಾಗ ಇಷ್ಟು ಎತ್ತರ ಅಂತ ಹೇಳಲೇ ಇಲ್ಲವಲ್ಲ" ಅಂದಳು ಅಪ್ಪನಿಗೆ. ದೋಣಿ ತಿರುಗಿಕೊಂಡು ದಡದ ಕಡೆ ಹೊರಟಿತ್ತು. ಅಮ್ಮ ಅದಕ್ಕೆ ಕೈ ಬೀಸಿದಳು.